ಪೆಟ್ರೋಲ್ ದುಬಾರಿಯಾದಾಗ ಕತ್ತರಿ ಬೀಳುವುದು ಯಾವ ಖರ್ಚಿಗೆ?

ಪೆಟ್ರೋಲ್ ದರ ಏರಿದ ಮಾರನೇ ದಿನ ರಸ್ತೆಗೆ ಇಳಿದು ನೋಡಿ. ವಾಹನಗಳೇನೂ ಕಡಿಮೆಯಾಗಿರುವುದಿಲ್ಲ. ಬೈಗುಳ ಜಾಸ್ತಿಯಾಗಿರುತ್ತದೆ, ಅಷ್ಟೇ. ಬಟ್ಟೆ ತುಟ್ಟಿಯಾದರೆ ಹಳೆಯದರಲ್ಲೇ ಇನ್ನೊಂದಿಷ್ಟು ದಿನ ದೂಡುತ್ತೇವೆ. ಫೋನ್ ತುಟ್ಟಿಯಾದರೆ ಮುಂದಿನ ವರ್ಷ ನೋಡೋಣ ಅನ್ನುತ್ತೇವೆ. ಪೆಟ್ರೋಲಿಗೆ ಆ ಮಾತು ನಡೆಯುವುದಿಲ್ಲ. ಕೆಲಸಕ್ಕೆ ಹೋಗಲೇಬೇಕು, ಮಕ್ಕಳನ್ನು ಶಾಲೆಗೆ ಬಿಡಲೇಬೇಕು, ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲೇಬೇಕು. ಮನೆಯಿಂದ ಕೆಲಸದ ಜಾಗಕ್ಕಿರುವ ದೂರ ದರ ಏರಿತೆಂದು ಕುಗ್ಗುವುದಿಲ್ಲ.

ಇದನ್ನು ಅರ್ಥಶಾಸ್ತ್ರಜ್ಞರು ಅಳೆದೂ ನೋಡಿದ್ದಾರೆ. ಅಮೆರಿಕದ ಜೊನಾಥನ್ ಹ್ಯೂಸ್, ಕ್ರಿಸ್ಟೋಫರ್ ನಿಟ್ಟೆಲ್ ಮತ್ತು ಡೇನಿಯಲ್ ಸ್ಪರ್ಲಿಂಗ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. 1975ರಿಂದ 1980ರ ನಡುವೆ ಅಲ್ಲಿ ಪೆಟ್ರೋಲ್ ದರ ಶೇಕಡಾ 10ರಷ್ಟು ಏರಿದರೆ ಬಳಕೆ ಶೇಕಡಾ 2ರಿಂದ 3.4ರಷ್ಟು ಇಳಿಯುತ್ತಿತ್ತು. 2001ರಿಂದ 2006ರ ಹೊತ್ತಿಗೆ ಅಷ್ಟೇ ಏರಿಕೆಗೆ ಬಳಕೆ ಇಳಿದದ್ದು ಶೇಕಡಾ 1ಕ್ಕಿಂತಲೂ ಕಡಿಮೆ. ಆ ಮಧ್ಯದ ವರ್ಷಗಳಲ್ಲಿ ಊರುಗಳು ಅಗಲವಾದವು, ಕೆಲಸಕ್ಕೂ ಮನೆಗೂ ಅಂತರ ಬೆಳೆಯಿತು, ಕಾರಿಲ್ಲದೆ ದಿನ ಕಳೆಯುವುದೇ ಕಷ್ಟವಾಯಿತು. ನಂತರ ಇನ್ನಷ್ಟು ವಿವರವಾದ ಅಂಕಿಅಂಶ ಹಿಡಿದು ನಡೆದ ಕೆಲವು ಅಧ್ಯಯನಗಳಲ್ಲಿ ಈ ಇಳಿಕೆ ಶೇಕಡಾ 3ರ ಆಸುಪಾಸಿಗೆ ಬಂತು. ಸರಿ, ಅದನ್ನೇ ಹಿಡಿಯೋಣ. ದರ ಶೇಕಡಾ 10 ಏರಿ, ಬಳಕೆ ಶೇಕಡಾ 3 ಇಳಿದರೂ ಪೆಟ್ರೋಲ್ ಬಿಲ್ ಶೇಕಡಾ 7ರ ಹತ್ತಿರ ಏರಿಯೇ ಇರುತ್ತದೆ.

ಆ ಹಣ ಎಲ್ಲಿಂದಲೋ ಬರಬೇಕಲ್ವಾ? ದರ ಏರಿಕೆಯ ನಿಜವಾದ ಪೆಟ್ಟು ಗೊತ್ತಾಗುವುದು ಅದನ್ನು ಹುಡುಕಿದಾಗ. ಪೆಟ್ರೋಲ್ ಬಂಕಿನ ಬೋರ್ಡ್ ನೋಡಿದರೆ ಅರ್ಧ ಕಥೆಯೂ ಸಿಗುವುದಿಲ್ಲ.

ಬಂಕಿಗೆ ಬರುವ ಮುಂಚೆ

ಮೊದಲು ದರ ಏರುವುದು ಹೇಗೆ ಅನ್ನುವುದನ್ನು ಸ್ವಲ್ಪ ನೋಡಿಬಿಡೋಣ. ಲೀಟರ್ ಪೆಟ್ರೋಲಿನ ದರದಲ್ಲಿ ನಾಲ್ಕು ಪಾಲು ಇರುತ್ತದೆ. ಕಚ್ಚಾ ತೈಲ, ಅದನ್ನು ಶುದ್ಧ ಮಾಡುವ ಖರ್ಚು ಮತ್ತು ಲಾಭ, ಸಾಗಿಸಿ ಮಾರುವ ಖರ್ಚು, ತೆರಿಗೆ. ಕಚ್ಚಾ ತೈಲದ ಲೆಕ್ಕ ಬ್ಯಾರೆಲ್‌ನಲ್ಲಿ. ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್. ಬ್ಯಾರೆಲ್‌ಗೆ 10 ಡಾಲರ್ ಏರಿದರೆ ಲೀಟರಿಗೆ ಸುಮಾರು 6 ಸೆಂಟ್ ಏರಿತು ಅಂತ ಬಾಯಿಲೆಕ್ಕ ಹಾಕಬಹುದು. ಸುದ್ದಿಯಲ್ಲಿ ಬ್ಯಾರೆಲ್ ದರ ಕಂಡಾಗ ಈ ಲೆಕ್ಕ ನೆನಪಿದ್ದರೆ ಗಾಬರಿ ಎಷ್ಟು ಬೀಳಬೇಕೋ ಅಷ್ಟೇ ಬೀಳುತ್ತೇವೆ.

ಆದರೆ ಕಚ್ಚಾ ತೈಲವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. 2008ರ ಜುಲೈನಲ್ಲಿ ಅಮೆರಿಕದ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಆಗ ಅಲ್ಲಿ ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪೆಟ್ರೋಲಿನ ಸರಾಸರಿ ದರ 4 ಡಾಲರ್ 11 ಸೆಂಟ್. 2022ರ ಜೂನ್‌ನಲ್ಲಿ ಕಚ್ಚಾ ತೈಲ 120 ಡಾಲರ್ ಆಸುಪಾಸಿನಲ್ಲಿತ್ತು. ಪೆಟ್ರೋಲ್ ಮಾತ್ರ 5 ಡಾಲರ್ ದಾಟಿತು. ಕೊರೊನಾ ಕಾಲದಲ್ಲಿ ಹಲವು ಸಂಸ್ಕರಣಾ ಘಟಕಗಳು ಬಾಗಿಲು ಹಾಕಿದ್ದವು. ಉಳಿದವು ಹೆಚ್ಚುಕಡಿಮೆ ಪೂರ್ತಿ ಸಾಮರ್ಥ್ಯದಲ್ಲಿ ಓಡುತ್ತಿದ್ದವು. ಉಕ್ರೇನ್ ಯುದ್ಧದಿಂದ ರಷ್ಯಾದ ಸರಬರಾಜು ಏರುಪೇರಾಗಿತ್ತು. ಅಂದರೆ ಎಣ್ಣೆಗಿಂತ ಎಣ್ಣೆಯನ್ನು ಪೆಟ್ರೋಲ್ ಮಾಡಿಕೊಡುವವರ ಕೊರತೆ ಜಾಸ್ತಿ ಕಚ್ಚಿತು.

ಡಾಲರ್ ಇನ್ನೊಂದು ಕಾಟ. ಕಚ್ಚಾ ತೈಲದ ವ್ಯಾಪಾರ ಬಹುಪಾಲು ಡಾಲರಿನಲ್ಲೇ. 2008ರ ಜುಲೈನಲ್ಲಿ ಒಂದು ಯೂರೋಗೆ 1.60 ಡಾಲರಿನಷ್ಟು ಸಿಗುತ್ತಿತ್ತು. ಹಾಗಾಗಿ 147 ಡಾಲರಿನ ಬ್ಯಾರೆಲ್ ಯುರೋಪಿನವರಿಗೆ ಬಿದ್ದದ್ದು 92 ಯೂರೋ. 2022ರ ಮಾರ್ಚ್‌ನಲ್ಲಿ ಬ್ರೆಂಟ್ ಅನ್ನುವ ಯುರೋಪಿನ ಕಚ್ಚಾ ತೈಲ ಮುಟ್ಟಿದ್ದು 139 ಡಾಲರ್, ಅಂದರೆ 2008ಕ್ಕಿಂತ ಕಡಿಮೆ. ಆದರೆ ಯೂರೋ ಅಷ್ಟರಲ್ಲಿ 1.09 ಡಾಲರಿಗೆ ಇಳಿದಿತ್ತು. ಲೆಕ್ಕ ಹಾಕಿದರೆ ಸುಮಾರು 128 ಯೂರೋ. ತೈಲ ಅಗ್ಗವಾದರೂ ದೇಶದ ಹಣ ಸೋತರೆ ಪೆಟ್ರೋಲ್ ಅಗ್ಗವಾಗುವುದಿಲ್ಲ.

ಏರುವಾಗ ಇರುವ ಅವಸರ ಇಳಿಯುವಾಗ ಇರುವುದಿಲ್ಲ ಅನ್ನುವುದು ಎಲ್ಲ ದೇಶದ ವಾಹನ ಸವಾರರ ದೂರು. ಇದು ಬರೀ ಗೊಣಗಾಟವಲ್ಲ. ಅರ್ಥಶಾಸ್ತ್ರಜ್ಞ ರಾಬರ್ಟ್ ಬೇಕನ್ 1991ರಲ್ಲಿ ಬ್ರಿಟನ್ನಿನ ದರಗಳನ್ನು ನೋಡಿ ಇದನ್ನೇ ತೋರಿಸಿದರು. ಏರುವಾಗ ರಾಕೆಟ್, ಇಳಿಯುವಾಗ ಗರಿ ಅಂತ ಇದಕ್ಕೆ ಹೆಸರೂ ಬಂತು. ಇದಕ್ಕೆ ಕೊಡುವ ಒಂದು ವಿವರಣೆ ನನಗೆ ತುಂಬಾ ಸರಿ ಅನ್ನಿಸುತ್ತದೆ. ದರ ಏರುತ್ತಿರುವಾಗ ಜನ ನಾಲ್ಕು ಬಂಕಿನ ದರ ಹೋಲಿಸಿ ನೋಡುತ್ತಾರೆ. ಇಳಿಯತೊಡಗಿದ ಕೂಡಲೇ ಸಮಾಧಾನವಾಗಿ ಹುಡುಕುವುದನ್ನು ಬಿಡುತ್ತಾರೆ. ಗಿರಾಕಿ ಹುಡುಕದಿದ್ದರೆ ಮಾರುವವನಿಗೆ ಇಳಿಸುವ ಆತುರ ಯಾಕೆ?

ಎರಡು ಮನೆಗಳ ಲೆಕ್ಕ

ಈಗ ಮನೆಯೊಳಗೆ ಬರೋಣ. ಯಾವ ದೇಶದ ಹಣವೂ ಬೇಡ, ಸಂಬಳ 100 ಅಂದುಕೊಳ್ಳೋಣ. ಮೊದಲ ಮನೆಯಲ್ಲಿ 100ರಲ್ಲಿ 4 ಪೆಟ್ರೋಲಿಗೆ ಹೋಗುತ್ತದೆ. ಎಲ್ಲ ಖರ್ಚು ಕಳೆದು 20 ಉಳಿಯುತ್ತದೆ. ದರ ಶೇಕಡಾ 30 ಏರಿತು. ಪೆಟ್ರೋಲ್ ಖರ್ಚು 5.2 ಆಯಿತು. ಉಳಿತಾಯ 20 ಇದ್ದದ್ದು 18.8. ಈ ಮನೆಯವರು ಊಟದ ಹೊತ್ತಿನಲ್ಲಿ ಸರ್ಕಾರವನ್ನು ಒಂದಿಷ್ಟು ಬೈದು ಟಿವಿ ಚಾನಲ್ ಬದಲಿಸುತ್ತಾರೆ.

ಎರಡನೇ ಮನೆಗೆ ಊರಿನ ಅಂಚಿನಲ್ಲಿ ವಾಸ. ಬಾಡಿಗೆ ಕಡಿಮೆ ಸಿಗುತ್ತದೆಂದೇ ಅಷ್ಟು ದೂರ ಹೋದವರು. ಇವರ 100ರಲ್ಲಿ 9 ಪೆಟ್ರೋಲಿಗೆ. ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು 3. ಅದೇ ಶೇಕಡಾ 30 ಏರಿಕೆಗೆ ಇವರ ಪೆಟ್ರೋಲ್ ಖರ್ಚು 2.7 ಜಾಸ್ತಿಯಾಗುತ್ತದೆ. ಉಳಿದದ್ದು 0.3. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಸಾಲ. ಎರಡೂ ಮನೆಗೂ ಏರಿದ್ದು ಒಂದೇ ದರ. ಒಂದು ಮನೆಗೆ ಅದು ಸಿಟ್ಟಿನ ವಿಷಯ, ಇನ್ನೊಂದಕ್ಕೆ ಇದ್ದಬದ್ದ ಆಸರೆಯೇ ಹೋದ ವಿಷಯ. ಬಾಡಿಗೆಯಲ್ಲಿ ಉಳಿಸಿದ್ದನ್ನು ರಸ್ತೆಯಲ್ಲಿ ಸುಟ್ಟ ಹಾಗಾಯಿತು.

ಇಷ್ಟು ಲೆಕ್ಕ ಹಾಕುವಾಗ ಒಂದು ಮಾತು ಬಿಡಬಾರದು. ತೀರಾ ಬಡವರ ಬಳಿ ವಾಹನವೇ ಇರುವುದಿಲ್ಲ. ಅವರಿಗೆ ಪೆಟ್ರೋಲ್ ನೇರವಾಗಿ ತಾಗುವುದಿಲ್ಲ. ಬಸ್ ದರ, ತರಕಾರಿ ದರದ ಮೂಲಕ ತಡವಾಗಿ ಬಂದು ತಾಗುತ್ತದೆ. ಬಂಕಿನಲ್ಲೇ ಪೆಟ್ಟು ತಿನ್ನುವವರು ಅವರಿಗಿಂತ ಒಂದು ಮೆಟ್ಟಿಲು ಮೇಲಿರುವವರು. ಕಷ್ಟಪಟ್ಟು ಒಂದು ಗಾಡಿ ಮಾಡಿಕೊಂಡವರು, ಆ ಗಾಡಿ ಇಲ್ಲದಿದ್ದರೆ ಕೆಲಸವೇ ಇಲ್ಲದವರು.

ಪೆಟ್ರೋಲ್ ಹಾಕಿಸುವ ರೀತಿಯಲ್ಲೂ ವ್ಯತ್ಯಾಸ ಇದೆ. ಟ್ಯಾಂಕ್ ಫುಲ್ ಮಾಡಿಸುವವರಿಗೆ ದರ ಏರಿಕೆ ಬಿಲ್ಲಿನಲ್ಲಿ ಕಾಣುತ್ತದೆ. 'ಇಷ್ಟಕ್ಕೆ ಹಾಕಿ' ಅನ್ನುವವರಿಗೆ ಬಿಲ್ ಯಾವತ್ತೂ ಅಷ್ಟೇ. ಅವರಿಗೆ ಏರಿಕೆ ಕಾಣುವುದು ಪೆಟ್ರೋಲ್ ಮೀಟರಿನ ಮುಳ್ಳಿನಲ್ಲಿ. ಮೊದಲು ಶನಿವಾರದವರೆಗೆ ಬರುತ್ತಿದ್ದದ್ದು ಈಗ ಗುರುವಾರವೇ ರಿಸರ್ವ್‌ಗೆ ಬಂದಿರುತ್ತದೆ. ಶುಕ್ರವಾರದ ಪೆಟ್ರೋಲ್ ಹಣ ಬೇರೆ ಯಾವುದಕ್ಕೋ ಇಟ್ಟ ಹಣ.

ಆ ಬೇರೆ ಯಾವುದು? ಅಮೆರಿಕದಲ್ಲಿ ಅಂಗಡಿ ಬಿಲ್ಲುಗಳನ್ನು ಇಟ್ಟುಕೊಂಡು ನಡೆಸಿದ ಅಧ್ಯಯನವೊಂದು ಇದಕ್ಕೆ ಉತ್ತರ ಹುಡುಕಿತು. ಪೆಟ್ರೋಲ್ ಏರಿದಾಗ ಜನ ಹೊರಗಡೆ ಊಟ ಕಡಿಮೆ ಮಾಡಿದರು. ದಿನಸಿಯಲ್ಲಿ ಪೂರ್ತಿ ದರದ ಸಾಮಾನು ಬಿಟ್ಟು ರಿಯಾಯಿತಿಯಲ್ಲಿ ಸಿಗುವುದನ್ನು ಆರಿಸಿಕೊಂಡರು. ಇದರಲ್ಲಿ ಅಚ್ಚರಿ ಏನಿಲ್ಲ. ಅಚ್ಚರಿ ಇರುವುದು ಅರ್ಥಶಾಸ್ತ್ರಜ್ಞರಾದ ಜಸ್ಟೀನ್ ಹೇಸ್ಟಿಂಗ್ಸ್ ಮತ್ತು ಜೆಸ್ಸಿ ಶಪಿರೊ 2013ರಲ್ಲಿ ತೋರಿಸಿದ ಸಂಗತಿಯಲ್ಲಿ. ಪೆಟ್ರೋಲ್ ದರ ಏರಿದಾಗ ಜನ ಪ್ರೀಮಿಯಂ ಪೆಟ್ರೋಲ್ ಬಿಟ್ಟು ಸಾದಾ ಪೆಟ್ರೋಲಿಗೆ ಇಳಿಯುತ್ತಾರೆ. ಆದರೆ ಅಷ್ಟೇ ಹಣ ಸಂಬಳದಲ್ಲಿ ಕಡಿಮೆಯಾದರೆ ಹೀಗೆ ಇಳಿಯುವವರು ತೀರಾ ಕಡಿಮೆ. ಕಳೆದುಕೊಂಡ ಹಣ ಎರಡೂ ಕಡೆ ಒಂದೇ, ವರ್ತನೆ ಮಾತ್ರ ಬೇರೆ. ಮನಸ್ಸಿನಲ್ಲಿ ಪೆಟ್ರೋಲಿಗೆ ಅಂತ ಒಂದು ಬೇರೆ ಡಬ್ಬಿ ಇರುತ್ತದೆ. ಅದು ತುಂಬಿ ಚೆಲ್ಲುವಾಗ ಮೊದಲು ಅದರೊಳಗೇ ಸರಿ ಮಾಡಿಕೊಳ್ಳಲು ನೋಡುತ್ತೇವೆ. ಅಲ್ಲಿ ಆಗದಿದ್ದಾಗ ಮಾತ್ರ ಪಕ್ಕದ ಡಬ್ಬಿಗೆ ಕೈ ಹಾಕುತ್ತೇವೆ.

ಆಗ ಮೊದಲು ಹೋಗುವುದು ತಕ್ಷಣ ಯಾರಿಗೂ ನೋವಾಗದ ಖರ್ಚು. ಗಾಡಿಯ ಸರ್ವಿಸ್ ಮುಂದಕ್ಕೆ ಹೋಗುತ್ತದೆ. ಸವೆದ ಟೈರ್ ಇನ್ನೆರಡು ತಿಂಗಳು ಓಡಲಿ ಅನ್ನುತ್ತೇವೆ. ವಿಮೆಯ ಕಂತು ತಪ್ಪುತ್ತದೆ. ದರ ಏರಿಕೆಯಲ್ಲಿ ನನಗೆ ಅತಿ ಕೆಟ್ಟದ್ದು ಅನ್ನಿಸುವುದು ಇದೇ. ಕಾರಣ, ಸರ್ವಿಸ್ ಮಾಡಿಸದ ಗಾಡಿ ಇನ್ನೂ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ.

ಓಡಿಸಿಯೇ ಹೊಟ್ಟೆ ತುಂಬಿಸಿಕೊಳ್ಳುವವರು

ಟ್ಯಾಕ್ಸಿ, ಡೆಲಿವರಿ, ಸಣ್ಣ ಸರಕು ಗಾಡಿಯವರ ಕಥೆ ಬೇರೆಯೇ. ಅವರಿಗೆ ಪೆಟ್ರೋಲ್ ಮನೆ ಖರ್ಚಲ್ಲ, ಕಚ್ಚಾ ಸಾಮಗ್ರಿ.

ದಿನದ ಬಾಡಿಗೆ 100 ಬಂತು ಅಂದುಕೊಳ್ಳಿ. ಇಂಧನಕ್ಕೆ 25. ಸಾಲದ ಕಂತು, ವಿಮೆ ಅಂತ ದಿನಕ್ಕೆ 25. ಮನೆಗೆ ಹೋಗುವುದು 50. ಇಂಧನ ಶೇಕಡಾ 20 ಏರಿದರೆ 25 ಇದ್ದದ್ದು 30 ಆಗುತ್ತದೆ. ಮನೆಗೆ 45. ಅಂದರೆ ಇಂಧನದ ಶೇಕಡಾ 20 ಏರಿಕೆ ದುಡಿಮೆಯಲ್ಲಿ ಶೇಕಡಾ 10 ಕಡಿತ. ಯಾವುದಾದರೂ ಕಚೇರಿಯಲ್ಲಿ ಒಂದೇ ರಾತ್ರಿಗೆ ಎಲ್ಲರ ಸಂಬಳ ಶೇಕಡಾ 10 ಕಡಿತ ಮಾಡಿದರೆ ಏನಾಗುತ್ತಿತ್ತು, ಊಹಿಸಿಕೊಳ್ಳಿ.

ಆ 5ನ್ನು ವಾಪಸ್ ದುಡಿಯಬೇಕಾದರೆ? ಹೆಚ್ಚುವರಿ ಬಾಡಿಗೆಯ ಪ್ರತಿ 100ರಲ್ಲಿ ಈಗ 30 ಇಂಧನಕ್ಕೇ ಹೋಗುತ್ತದೆ, ಉಳಿಯುವುದು 70. ಹಾಗಾಗಿ 5 ಉಳಿಯಲು 7ಕ್ಕಿಂತ ಸ್ವಲ್ಪ ಜಾಸ್ತಿ ಬಾಡಿಗೆ ಬೇಕು. ದಿನಕ್ಕೆ 10 ಗಂಟೆ ಓಡಿಸುವವರಾದರೆ ಇದು ಮುಕ್ಕಾಲು ಗಂಟೆಯ ಹೆಚ್ಚುವರಿ ದುಡಿಮೆ. ಕೇಳಲು ಕಡಿಮೆ ಅನ್ನಿಸಬಹುದು. ಆದರೆ ಊರಿನ ಎಲ್ಲ ಡ್ರೈವರ್‌ಗಳೂ ಮುಕ್ಕಾಲು ಗಂಟೆ ಜಾಸ್ತಿ ರಸ್ತೆಯಲ್ಲಿ ನಿಂತರೆ ಪ್ರಯಾಣಿಕರು ಜಾಸ್ತಿಯಾಗುವುದಿಲ್ಲ. ಇರುವ ಬಾಡಿಗೆಯೇ ಹಂಚಿಹೋಗುತ್ತದೆ. ಮುಕ್ಕಾಲು ಗಂಟೆ ಒಂದೂವರೆ ಗಂಟೆಯಾಗುವುದು ಹೀಗೆ.

ಇನ್ನು ಖಾಲಿ ಓಟ. 5 ಕಿಲೋಮೀಟರ್ ಬಾಡಿಗೆಗೆ 3 ಕಿಲೋಮೀಟರ್ ದೂರದಿಂದ ಖಾಲಿ ಬರಬೇಕು. ಸುಟ್ಟದ್ದು 8 ಕಿಲೋಮೀಟರ್‌ನ ಇಂಧನ, ಹಣ ಬಂದದ್ದು 5ಕ್ಕೆ. ದರ ಕಡಿಮೆ ಇದ್ದಾಗ ಇದು ನಡೆಯುತ್ತಿತ್ತು. ದರ ಏರಿದ ಮೇಲೆ ಗಿಟ್ಟುವುದಿಲ್ಲ. ಪ್ರಯಾಣಿಕರ ಫೋನಿನಲ್ಲಿ ಕಾಣುವುದು 'ಕ್ಯಾನ್ಸಲ್' ಅನ್ನುವ ಒಂದು ಸಾಲು ಮಾತ್ರ. ಡ್ರೈವರ್ ಸೊಕ್ಕು ಮಾಡಿದ ಅಂತ ಸಿಟ್ಟು ಬರುತ್ತದೆ. ಏಸಿ ಹಾಕಿ ಅಂದರೆ ಮುಖ ಗಂಟಿಕ್ಕುವುದೂ ಇದೇ ಲೆಕ್ಕಕ್ಕೆ. 2022ರ ಮಾರ್ಚ್‌ನಲ್ಲಿ ಊಬರ್ ಅಮೆರಿಕದಲ್ಲಿ ಪ್ರತಿ ಟ್ರಿಪ್‌ಗೆ 45 ಅಥವಾ 55 ಸೆಂಟ್ ಇಂಧನ ಶುಲ್ಕ ಸೇರಿಸಿತು. ಉದ್ದದ ಟ್ರಿಪ್ ಮಾಡಿದವರಿಗೆ ಈ ಚಿಲ್ಲರೆ ಎಲ್ಲಿಗೂ ಸಾಲದು.

ಲಾರಿಗಳಲ್ಲೂ ದೊಡ್ಡವರು, ಸಣ್ಣವರು ಅಂತ ಇದೆ. ದೊಡ್ಡ ಸಾಗಣೆ ಕಂಪನಿಗಳ ಒಪ್ಪಂದದಲ್ಲಿ ಡೀಸೆಲ್ ಏರಿದರೆ ಬಾಡಿಗೆಯೂ ಏರುವ ಷರತ್ತು ಸಾಮಾನ್ಯ. ಒಂದೇ ಲಾರಿ ಇಟ್ಟುಕೊಂಡವನು ಬಾಡಿಗೆ ಮೊದಲೇ ಮಾತಾಡಿ ಹೊರಟಿರುತ್ತಾನೆ. ದಾರಿಯಲ್ಲಿ ಡೀಸೆಲ್ ಏರಿದರೆ ಅದು ಅವನ ಹಣೆಬರಹ. ವಾಪಸ್ ಬರುವಾಗ ಲೋಡ್ ಸಿಗದಿದ್ದರಂತೂ ಕೇಳಲೇಬೇಡಿ.

ಈ ಡೀಸೆಲ್‌ನಿಂದಲೇ ಎರಡನೇ ಅಲೆ ಶುರು. ಅಂಗಡಿಗೆ ಬರುವ ಹೆಚ್ಚುಕಡಿಮೆ ಎಲ್ಲ ಸಾಮಾನೂ ಎಲ್ಲೋ ಒಂದು ಕಡೆ ಲಾರಿ ಹತ್ತಿ ಇಳಿದಿರುತ್ತದೆ. ಭಾರ ಜಾಸ್ತಿ, ಬೆಲೆ ಕಡಿಮೆ ಇರುವ ವಸ್ತುಗಳಿಗೆ ಹೊಡೆತ ಜೋರು. ತರಕಾರಿ, ಸಿಮೆಂಟ್, ಇಟ್ಟಿಗೆ ಈ ಗುಂಪಿನವು. ಕೈಗಡಿಯಾರಕ್ಕೆ ಸಾಗಣೆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಈ ಅಲೆ ವಾರಗಟ್ಟಲೆ, ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಹೋಗುವುದು ಇನ್ನೂ ತಡ. ಡೀಸೆಲ್ ಇಳಿದ ಮೇಲೂ ಸಾಮಾನಿನ ದರ ಇಳಿಯದೆ ಕೂತಿರುವುದು ಎಲ್ಲರೂ ಕಂಡದ್ದೇ.

ಕೈಲಾಗುವ ಉಳಿತಾಯ

ಉಳಿಸುವ ಸಲಹೆಗಳಿಗೆ ಬರವಿಲ್ಲ. ಆದರೆ ಹೆಚ್ಚಿನವು ಚಿಲ್ಲರೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುವುದರಿಂದ ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರ್ ದಾಟಿದ ಮೇಲೆ ಮೈಲೇಜ್ ಬೇಗ ಬೀಳುತ್ತದೆ. ಸಲಹೆಗಳಲ್ಲೆಲ್ಲ ತೂಕ ಇರುವುದು ಈ ವೇಗದ ಮಾತಿಗೇ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ ದೇಶಾದ್ಯಂತ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ಮಿತಿ ಹಾಕಿದ್ದು ಇದಕ್ಕೇ. ಟೈರಿನ ಗಾಳಿ ಸರಿ ಇಟ್ಟರೆ ಸ್ವಲ್ಪ ಉಳಿಯುತ್ತದೆ, ಸ್ವಲ್ಪವೇ.

ಶೇಕಡಾ 2 ಅಗ್ಗ ಅಂತ 10 ಕಿಲೋಮೀಟರ್ ಸುತ್ತಿ ಹೋಗಿ ಪೆಟ್ರೋಲ್ ಹಾಕಿಸುವುದು ಮಾತ್ರ ಸುಮ್ನೆ. 40 ಲೀಟರ್ ಹಾಕಿಸಿದರೆ ಉಳಿಯುವುದು 0.8 ಲೀಟರಿನ ಹಣ. ಲೀಟರಿಗೆ 15 ಕಿಲೋಮೀಟರ್ ಕೊಡುವ ಗಾಡಿ ಆ ಸುತ್ತಿಗೇ 0.67 ಲೀಟರ್ ಕುಡಿದಿರುತ್ತದೆ.

ಮೈಲೇಜ್ ಲೆಕ್ಕದಲ್ಲಿ ಒಂದು ಮೋಸ ಅಡಗಿದೆ. ಮನೆಯಲ್ಲಿ ಎರಡು ಗಾಡಿ ಇವೆ, ಒಂದನ್ನು ಬದಲಿಸಬಹುದು ಅಂದುಕೊಳ್ಳಿ. ಲೀಟರಿಗೆ 10 ಕೊಡುವುದನ್ನು ಬಿಟ್ಟು 12 ಕೊಡುವುದನ್ನು ತರಬೇಕೋ, 20 ಕೊಡುವುದನ್ನು ಬಿಟ್ಟು 25 ಕೊಡುವುದನ್ನು ತರಬೇಕೋ? ಎರಡನೆಯದು ಅಂತ ತಟ್ಟನೆ ಹೇಳಿಬಿಡುತ್ತೇವೆ. 1000 ಕಿಲೋಮೀಟರ್ ಓಡಿಸಿ ನೋಡಿ. 20ರಿಂದ 25ಕ್ಕೆ ಹೋದರೆ 50 ಲೀಟರ್ ಇದ್ದದ್ದು 40 ಆಗುತ್ತದೆ, ಉಳಿತಾಯ 10. 10ರಿಂದ 12ಕ್ಕೆ ಹೋದರೆ 100 ಲೀಟರ್ ಇದ್ದದ್ದು 83ರ ಆಸುಪಾಸು, ಉಳಿತಾಯ ಸುಮಾರು 17. ಜಾಸ್ತಿ ಕುಡಿಯುವ ಗಾಡಿಯನ್ನು ಸ್ವಲ್ಪ ಸುಧಾರಿಸಿದರೂ ಲಾಭ ದೊಡ್ಡದು.

ಆದರೆ ಗಾಡಿ ಬದಲಿಸುವುದು ಯಾರ ಕೈಲಾಗುತ್ತದೆ? ದರ ಏರಿದ ಕಾಲದಲ್ಲೇ ಜಾಸ್ತಿ ಕುಡಿಯುವ ಹಳೇ ಗಾಡಿಗೆ ಬೆಲೆ ಬಿದ್ದಿರುತ್ತದೆ, ಮೈಲೇಜ್ ಕೊಡುವ ಸೆಕೆಂಡ್ ಹ್ಯಾಂಡ್ ಗಾಡಿಯ ಬೆಲೆ ಏರಿರುತ್ತದೆ. ಮಾರಿದರೂ ನಷ್ಟ, ಕೊಂಡರೂ ನಷ್ಟ. ವಿದ್ಯುತ್ ವಾಹನಕ್ಕೆ ಹಾರುವವರು ಕೈಯಲ್ಲಿ ಹಣ, ಮನೆಯಲ್ಲಿ ಚಾರ್ಜ್ ಮಾಡುವ ಜಾಗ ಎರಡೂ ಇದ್ದವರು. ಅಂದರೆ ಹೆಚ್ಚುಕಡಿಮೆ ನಮ್ಮ ಮೊದಲ ಮನೆಯವರು.

ಸರ್ಕಾರ ಕೈ ಹಾಕಿದಾಗ

ದರ ಏರಿದಾಗ ಮೊದಲು ಏಳುವ ಕೂಗು ತೆರಿಗೆ ಇಳಿಸಿ ಅನ್ನುವುದು. 2022ರ ಜೂನ್‌ನಿಂದ ಆಗಸ್ಟ್‌ವರೆಗೆ ಜರ್ಮನಿ ಇದನ್ನೇ ಮಾಡಿತು. ಪೆಟ್ರೋಲಿಗೆ ಲೀಟರಿಗೆ ಸುಮಾರು 35 ಸೆಂಟ್, ಡೀಸೆಲಿಗೆ 17 ಸೆಂಟ್ ತೆರಿಗೆ ಇಳಿಸಿತು. ಅದೇ ಮೂರು ತಿಂಗಳು, ತಿಂಗಳಿಗೆ 9 ಯೂರೋ ಕೊಟ್ಟರೆ ದೇಶವಿಡೀ ಊರ ಬಸ್ಸು, ಲೋಕಲ್ ರೈಲುಗಳಲ್ಲಿ ಓಡಾಡುವ ಟಿಕೆಟನ್ನೂ ಕೊಟ್ಟಿತು. ಸುಮಾರು 5.2 ಕೋಟಿ ಟಿಕೆಟ್ ಮಾರಾಟವಾದವು. ತೆರಿಗೆ ಇಳಿಸಿದರೆ ಜಾಸ್ತಿ ಸುಡುವವರಿಗೆ ಜಾಸ್ತಿ ಲಾಭ. ಟಿಕೆಟಿನಲ್ಲಿ ಹಾಗಲ್ಲ, ಎಲ್ಲರಿಗೂ ಒಂದೇ. ನನ್ನ ಮಟ್ಟಿಗೆ ಎರಡನೆಯದೇ ಬುದ್ಧಿವಂತ ಖರ್ಚು. ಬಸ್ಸೇ ಬಾರದ ಹಳ್ಳಿಯವನಿಗೆ ಮಾತ್ರ ಆ ಟಿಕೆಟ್ ಬರೀ ಕಾಗದ.

ಸಬ್ಸಿಡಿಯ ಕಥೆಯೂ ಇದೇ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅರ್ಥಶಾಸ್ತ್ರಜ್ಞರು 20 ಅಭಿವೃದ್ಧಿಶೀಲ ದೇಶಗಳನ್ನು ನೋಡಿದರು. ಇಂಧನ ಸಬ್ಸಿಡಿಯಲ್ಲಿ ಮೇಲಿನ ಐದನೇ ಒಂದು ಭಾಗದ ಕುಟುಂಬಗಳು ಕೆಳಗಿನ ಐದನೇ ಒಂದು ಭಾಗದವರಿಗಿಂತ ಸುಮಾರು 6 ಪಟ್ಟು ಜಾಸ್ತಿ ಪಡೆಯುತ್ತಿದ್ದವು. ಹಾಗಂತ ಸಬ್ಸಿಡಿಯನ್ನು ಒಂದೇ ಏಟಿಗೆ ಕಿತ್ತರೆ, ತೆರಿಗೆಯನ್ನು ಸುಮ್ಮನೆ ಏರಿಸಿದರೆ ಬೀದಿಗೆ ಬರುವುದು ನಮ್ಮ ಎರಡನೇ ಮನೆಯವರು. 2018ರ ನವೆಂಬರ್ 17ರಂದು ಫ್ರಾನ್ಸಿನಲ್ಲಿ ಹಳದಿ ಅಂಗಿ ತೊಟ್ಟು ರಸ್ತೆ ತಡೆದವರಲ್ಲಿ ಅನೇಕರು ಕಾರಿಲ್ಲದೆ ಬದುಕಲಾಗದ ಸಣ್ಣ ಊರು, ಹಳ್ಳಿಗಳವರು. ಡಿಸೆಂಬರಿನಲ್ಲಿ ಸರ್ಕಾರ ಇಂಧನ ತೆರಿಗೆ ಏರಿಕೆಯನ್ನು ಕೈಬಿಟ್ಟಿತು.

ಇಂಡೊನೇಷ್ಯಾ 2022ರ ಸೆಪ್ಟೆಂಬರ್‌ನಲ್ಲಿ ಪೆಟ್ರೋಲ್ ದರವನ್ನು ಶೇಕಡಾ 30ರಷ್ಟು ಏರಿಸಿದಾಗ ಸುಮಾರು 2 ಕೋಟಿ ಬಡ ಕುಟುಂಬಗಳಿಗೆ ನಗದು ಕೊಡುವ ಯೋಜನೆಯನ್ನೂ ಜೊತೆಗೇ ತಂದಿತು. ಇದಕ್ಕಿಂತ ದೊಡ್ಡ ಪ್ರಯೋಗ ಇರಾನಿನದು. 2010ರ ಡಿಸೆಂಬರ್‌ನಲ್ಲಿ ಅಲ್ಲಿ ಪಡಿತರದ ಪೆಟ್ರೋಲ್ ದರ ಒಮ್ಮೆಗೇ 4 ಪಟ್ಟಾಯಿತು. ಆದರೆ ಅದಕ್ಕೂ ಮುಂಚೆಯೇ ಜನರ ಬ್ಯಾಂಕ್ ಖಾತೆಗಳಿಗೆ ತಲೆಗೆ ಇಂತಿಷ್ಟು ಅನ್ನುವ ಲೆಕ್ಕದಲ್ಲಿ ಹಣ ಹಾಕಿದ್ದರು. ಖಾತೆಯಲ್ಲಿ ಹಣ ಕಾಣುತ್ತಿತ್ತು, ತೆಗೆಯಲು ಬಿಟ್ಟದ್ದು ದರ ಏರಿದ ದಿನ. ದೊಡ್ಡ ಗಲಾಟೆ ಆಗಲಿಲ್ಲ. ನಂತರದ ವರ್ಷಗಳಲ್ಲಿ ಅದು ತಲೆಗೆ ತಿಂಗಳಿಗೆ 4,55,000 ರಿಯಾಲ್‌ಗೇ ನಿಂತಿತು, ಹಣದುಬ್ಬರ ಅದರ ಬೆಲೆಯನ್ನು ತಿಂದುಹಾಕಿತು. 2019ರ ನವೆಂಬರ್‌ನಲ್ಲಿ ಮತ್ತೆ ದರ ಏರಿಸಿದಾಗ ರಾತ್ರೋರಾತ್ರಿ ಏರಿಸಿದರು. ಬಡವರಿಗೆ ಹಣ ಕೊಡುತ್ತೇವೆ ಅಂತ ಹೇಳಿದರು, ಆದರೆ ಈ ಸಲ ಅದು ಮೊದಲೇ ಖಾತೆಯಲ್ಲಿ ಇರಲಿಲ್ಲ. ಮಾರನೇ ದಿನದ ಹೊತ್ತಿಗೆ ಹತ್ತಾರು ಊರುಗಳಲ್ಲಿ ಜನ ರಸ್ತೆಯಲ್ಲಿದ್ದರು.